ಬ್ರೌಸರ್‌ನಲ್ಲಿ ನಡೀತದ, ಜೆಂಕಿನ್ಸ್‌ನಲ್ಲಿ ಯಾಕ ನಡೀವಲ್ದು?

ಮೇ ತಿಂಗಳ ಒಂದು ಮಧ್ಯಾಹ್ನ. ಕಲಬುರಗಿಯ ಬಿಸಿಲು ನಿಮಗೆ ಗೊತ್ತೇ ಇದೆ. ರೊಟ್ಟಿ ಡಬ್ಬಿ ಬಿಚ್ಚುವ ಹೊತ್ತಿಗೆ ನಮ್ಮ ಹುಡುಗ ಬಂದು, "ಸರ, ಬಿಲ್ಡ್ ಒಂದೂ ಹೋಗವಲ್ದು ರೀ, ಎಲ್ಲಾ ಕೆಂಪಗ ಆಗ್ಯಾವ" ಅಂದ. ಬಿಲ್ಡ್ ಅಂದರೆ ಕೋಡನ್ನು ಓಡುವ ಪ್ರೋಗ್ರಾಂ ಮಾಡುವ ಕೆಲಸ, ಕೆಂಪು ಅಂದರೆ ಅದು ವಿಫಲ.

ಜೇವರ್ಗಿ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಆಫೀಸು. ಮೂಲೆಯಲ್ಲಿ ಜೆಂಕಿನ್ಸ್ ಮಷೀನು (ಬಿಲ್ಡ್‌ಗಳನ್ನು ತಾನಾಗಿಯೇ ಓಡಿಸುವ ಸಾಫ್ಟ್‌ವೇರ್ ಇರುವುದು), ಅದರ ಕೈಕೆಳಗೆ ಕೆಲಸ ಮಾಡುವ ಇನ್ನೊಂದು ಏಜೆಂಟ್ ಮಷೀನು. ಕೋಡ್ ಇರುವುದು ಬೆಂಗಳೂರಿನ ಗ್ರಾಹಕರ ಗಿಟ್ (ಕೋಡಿನ ಆವೃತ್ತಿಗಳನ್ನು ಕಾಪಾಡುವ ಸಾಧನ) ಸರ್ವರ್‌ನಲ್ಲಿ, ಅದರ ಮುಂದೆ ಬಾಗಿಲು ಕಾಯುವ ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್. ಅವತ್ತು ಬೆಳಿಗ್ಗೆ ಅವರು ಕ್ಲೈಂಟ್ ಸರ್ಟಿಫಿಕೇಟ್ ಕಡ್ಡಾಯ ಮಾಡಿದ್ದರು. ಸಾಮಾನ್ಯವಾಗಿ ಸರ್ವರ್ ಮಾತ್ರ ತನ್ನ ಗುರುತು ತೋರಿಸುತ್ತದೆ, ಈಗ ನಾವೂ ತೋರಿಸಬೇಕು, ಅಷ್ಟೇ. ಅದಕ್ಕೆ ಒಂದು ಪಿ12 ಫೈಲು (ಸರ್ಟಿಫಿಕೇಟ್, ಅದರ ಕೀಲಿ ಎರಡನ್ನೂ ಕಟ್ಟಿಟ್ಟ ಗಂಟು), ಒಂದು ಪಾಸ್‌ವರ್ಡ್ ಕಳಿಸಿದ್ದರು. ನಾನು ನನ್ನ ಬ್ರೌಸರ್‌ಗೆ ಸೇರಿಸಿ ನೋಡಿದೆ, ಸೈಟ್ ತೆರೆಯಿತು. ಸರ್ಟಿಫಿಕೇಟ್ ಸರಿ ಇದೆ ಅಂತ ಅಲ್ಲೇ ತೀರ್ಮಾನ ಮಾಡಿಬಿಟ್ಟೆ. ಅವತ್ತಿನ ದಿನ ಹಾಳಾಗಿದ್ದು ಅದರಿಂದಲೇ.

ಫೋನ್ ಮಾಡಿದರೆ ಆ ಕಡೆಯವರು, "ನಮ್ಮ ಕಡೆ ಎಲ್ಲಾ ಸರಿ ಇದೆ ಸರ್" ಅಂದರು. ಜೆಂಕಿನ್ಸ್ ಲಾಗ್‌ನಲ್ಲಿ ಇದ್ದದ್ದು ಎರರ್ 400 (ಕೋರಿಕೆ ಸರಿ ಇಲ್ಲ) ಅಂತ ಒಂದೇ ಸಾಲು.

ಮೊದಲು ಮಾಡಿದ್ದು ಶುದ್ಧ ದಡ್ಡತನ. ಗಿಟ್‌ನಲ್ಲಿ ಎಸ್‌ಎಸ್‌ಎಲ್‌ವೆರಿಫೈ ಅನ್ನೋದನ್ನು ಫಾಲ್ಸ್ ಮಾಡಿದೆ. ಎಷ್ಟೋ ಜನ ಇದನ್ನೇ ಮಾಡುತ್ತಾರೆ. ಅದು ಆಫ್ ಮಾಡುವುದು ಸರ್ವರ್‌ನ ಗುರುತನ್ನು ನಾವು ಪರೀಕ್ಷಿಸುವ ಕೆಲಸವನ್ನು, ನಮ್ಮ ಗುರುತಿಗೂ ಅದಕ್ಕೂ ಸಂಬಂಧವೇ ಇಲ್ಲ. ಲಾಭ ಏನೂ ಆಗಲಿಲ್ಲ, ಇದ್ದ ಕಾವಲೂ ಹೋಯಿತು. ಐದು ನಿಮಿಷದಲ್ಲಿ ವಾಪಸ್ ಹಾಕಿದೆ, ಯಾರಿಗೂ ಹೇಳಲಿಲ್ಲ.

ಆಮೇಲೆ ಗಿಟ್ ಬಿಟ್ಟು, ಆ ಮಷೀನಿನಿಂದಲೇ ವೆಬ್ ವಿಳಾಸ ತೆರೆಯುವ ಕರ್ಲ್ ಕಮಾಂಡ್‌ನಲ್ಲಿ ಅದೇ ವಿಳಾಸ ಹೊಡೆದೆ. ಗಿಟ್ ಬರೀ 400 ಅಂತ ಹೇಳಿ ಬಾಯಿ ಮುಚ್ಚಿಕೊಳ್ಳುತ್ತದೆ, ಆದರೆ ಎಂಜಿನ್‌ಎಕ್ಸ್ ಕಳಿಸುವ ಪುಟದಲ್ಲಿ ಕಾರಣ ಬರೆದಿರುತ್ತದೆ. ಅಲ್ಲಿ ಎರಡು ಥರದ ಮಾತು ಬರಬಹುದು. ಒಂದು, ಬೇಕಾದ ಸರ್ಟಿಫಿಕೇಟ್ ಬರಲೇ ಇಲ್ಲ ಅಂತ. ಇನ್ನೊಂದು, ಸರ್ಟಿಫಿಕೇಟ್ ದೋಷ ಅಂತ, ಅಂದರೆ ಬಂದಿದೆ, ಆದರೆ ನಂಬಿಕೆ ಬರುತ್ತಿಲ್ಲ. ಎರಡೂ ಬೇರೆ ಬೇರೆ ರೋಗ, ಗಿಟ್ ಎರಡಕ್ಕೂ ಒಂದೇ ಹೆಸರು ಹೇಳುತ್ತದೆ.

ನಮಗೆ ಎರಡೂ ಇದ್ದವು!

ಮೊದಲನೆಯದು: ಜೆಂಕಿನ್ಸ್ ಮಷೀನಿಗೆ ನನ್ನ ಹೆಸರಿನಲ್ಲಿ ಲಾಗಿನ್ ಆಗಿ ಗಿಟ್ ಗ್ಲೋಬಲ್ ಕಾನ್ಫಿಗ್‌ನಲ್ಲಿ (ಯೂಸರ್‌ನ ಹೋಮ್ ಫೋಲ್ಡರ್‌ನಲ್ಲಿರುವ ಸೆಟ್ಟಿಂಗ್ ಫೈಲು) ಸರ್ಟಿಫಿಕೇಟ್ ದಾರಿ ಬರೆದಿದ್ದೆ. ಆದರೆ ಜೆಂಕಿನ್ಸ್ ಓಡುವುದು ಜೆಂಕಿನ್ಸ್ ಅನ್ನೋ ಯೂಸರ್ ಆಗಿ, ಅದರ ಮನೆಯೇ, ಅಂದರೆ ಹೋಮ್ ಫೋಲ್ಡರೇ ಬೇರೆ, ನನ್ನ ಮನೆಯ ಫೈಲನ್ನು ಅದು ಯಾಕೆ ನೋಡುತ್ತದೆ? ಬೇರೆ ಯೂಸರ್ ಹೆಸರಲ್ಲಿ ಕಮಾಂಡ್ ಓಡಿಸುವ ಸುಡೋದಿಂದ ಆ ಯೂಸರ್ ಆಗಿ ಗಿಟ್ ಕಾನ್ಫಿಗ್‌ನ ಪಟ್ಟಿಯನ್ನು ಶೋ-ಒರಿಜಿನ್ ಹಾಕಿ ತೆಗೆಸಿದಾಗ ಸರ್ಟಿಫಿಕೇಟ್ ಸಾಲೇ ಇರಲಿಲ್ಲ. ಪ್ರತಿ ಸಾಲು ಯಾವ ಫೈಲಿನಿಂದ ಬಂತು ಅಂತ ಅದು ತೋರಿಸುತ್ತದೆ, ನಾನಂತೂ ಈಗ ಮೊದಲು ಅದನ್ನೇ ನೋಡುತ್ತೇನೆ. ಸುಡೋಗೆ ದೊಡ್ಡ ಎಚ್ ಆಪ್ಷನ್ ಮರೆಯಬೇಡಿ, ಇಲ್ಲದಿದ್ದರೆ ಕೆಲವು ಮಷೀನುಗಳಲ್ಲಿ ಹೋಮ್ ನಿಮ್ಮದೇ ಉಳಿದು ಮತ್ತೆ ಮೋಸ ಹೋಗುತ್ತೀರಿ.

ಎರಡನೆಯದಕ್ಕೆ ಜಾಸ್ತಿ ತಲೆ ಕೆಟ್ಟಿತು. ಪಿ12 ಫೈಲನ್ನು ಪೆಮ್ ಅನ್ನೋ ಪಠ್ಯ ರೂಪಕ್ಕೆ ಮಾಡುವಾಗ, ಸರ್ಟಿಫಿಕೇಟ್ ಕೆಲಸಕ್ಕೆ ಬಳಸುವ ಓಪನ್‌ಎಸ್‌ಎಸ್‌ಎಲ್ ಎರರ್ ಕೊಟ್ಟಿತ್ತು. ಪಾಸ್‌ವರ್ಡ್ ತಪ್ಪು ಅಂದುಕೊಂಡು ಮೂರು ಸಲ ಹೊಡೆದೆ. ವಿಷಯ ಏನಂದರೆ, ನಮ್ಮದು ಉಬುಂಟು 22.04, ಅದರಲ್ಲಿ ಓಪನ್‌ಎಸ್‌ಎಸ್‌ಎಲ್ 3.0 ಇದೆ. ಹಳೆಯ ಆರ್‌ಸಿ2 ಗೂಢಲಿಪಿಯಲ್ಲಿ ಕಟ್ಟಿದ ಪಿ12 ಫೈಲನ್ನು ಅದು ಸುಮ್ನೆ ತೆರೆಯುವುದಿಲ್ಲ, ಲೆಗಸಿ ಅನ್ನೋ ಆಪ್ಷನ್ ಕೊಡಬೇಕು. ಅದನ್ನು ಕೊಟ್ಟೆ, ತೆರೆಯಿತು. ಆ ಖುಷಿಯಲ್ಲಿ ಎಲ್ಲಿಂದಲೋ ಕಾಪಿ ಮಾಡಿದ ಕಮಾಂಡ್‌ನಲ್ಲಿ ಸಿಎಲ್‌ಸರ್ಟ್ಸ್ ಅಂತ ಇದ್ದದ್ದನ್ನು ನೋಡಲಿಲ್ಲ. ಅದಿದ್ದರೆ ನಮ್ಮ ಸರ್ಟಿಫಿಕೇಟ್ ಮಾತ್ರ ಹೊರಗೆ ಬರುತ್ತದೆ, ಜೊತೆಗಿದ್ದ ನಡುವಿನ ಸಿಎ (ಸರ್ಟಿಫಿಕೇಟ್ ಕೊಡುವ ಸಂಸ್ಥೆ) ಸರ್ಟಿಫಿಕೇಟ್ ಅಲ್ಲೇ ಉಳಿಯುತ್ತದೆ. ಸರ್ವರ್ ಹತ್ತಿರ ರೂಟ್, ಅಂದರೆ ಎಲ್ಲಕ್ಕೂ ಮೂಲದ ಸರ್ಟಿಫಿಕೇಟ್ ಮಾತ್ರ ಇತ್ತು. ಮೊಮ್ಮಗ ಒಬ್ಬನೇ ಬಂದು ನಿಂತ, ತಾತ ಒಳಗಿದ್ದಾನೆ, ನಡುವಿನ ಅಪ್ಪ ಯಾರು ಅಂತ ಹೇಳುವವರಿಲ್ಲ. ಬ್ರೌಸರ್‌ಗೆ ನಾನು ಇಡೀ ಪಿ12 ಕೊಟ್ಟಿದ್ದೆ, ಅದಕ್ಕೇ ಅಲ್ಲಿ ನಡೆದಿತ್ತು.

ಒಂದೇ ಪೆಮ್ ಫೈಲಿನಲ್ಲಿ ಮೊದಲು ನಮ್ಮದು, ಅದರ ಕೆಳಗೆ ನಡುವಿನದು ಇಟ್ಟೆ. ಈ ಕ್ರಮ ಮುಖ್ಯ. ಕೀಲಿಯನ್ನು ಪಾಸ್‌ವರ್ಡ್ ಇಲ್ಲದೆ ಬೇರೆ ಫೈಲಿನಲ್ಲಿ ಇಟ್ಟು, ಜೆಂಕಿನ್ಸ್ ಯೂಸರ್ ಹೆಸರಿಗೆ ಮಾಡಿ, 600 ಅನುಮತಿ (ಆ ಯೂಸರ್ ಮಾತ್ರ ಓದಿ ಬರೆಯುವಂತೆ) ಕೊಟ್ಟೆ. ಪಾಸ್‌ವರ್ಡ್ ಇದ್ದರೆ ಗಿಟ್ ಕೇಳುತ್ತದೆ, ಅಲ್ಲಿ ಟೈಪ್ ಮಾಡಲು ಯಾರಿರುತ್ತಾರೆ? ಕಾನ್ಫಿಗ್‌ನಲ್ಲಿ ಆ ಒಂದು ಸರ್ವರ್ ವಿಳಾಸಕ್ಕೆ ಮಾತ್ರ ಅನ್ವಯ ಆಗುವಂತೆ ಬರೆದೆ.

ಸಂಜೆ ಐದಕ್ಕೆ ಜೆಂಕಿನ್ಸ್, ಬಿಲ್ಡ್‌ನ ಹಂತಗಳನ್ನು ಬರೆದಿಟ್ಟ ಜೆಂಕಿನ್ಸ್‌ಫೈಲನ್ನು ಓದಿಕೊಂಡಿತು. ಸುಸಲಾ, ಮಿರ್ಚಿ ತರಿಸಿದೆವು. ತಿನ್ನುವಷ್ಟರಲ್ಲಿ ಬಿಲ್ಡ್ ಮತ್ತೆ ಕೆಂಪು. "ಈಗೇನಾತ್ರಿ ಸರ?" ಅಂದ ಹುಡುಗ. ಜೆಂಕಿನ್ಸ್‌ಫೈಲ್ ಓದಿದ್ದು ಮುಖ್ಯ ಮಷೀನು, ನಿಜವಾದ ಚೆಕ್‌ಔಟ್ (ಕೋಡ್ ಇಳಿಸಿಕೊಳ್ಳುವುದು) ನಡೆಯುವುದು ಏಜೆಂಟ್‌ನಲ್ಲಿ. ಅಲ್ಲಿ ಯೂಸರ್ ಬೇರೆ, ಮನೆ ಬೇರೆ, ಸರ್ಟಿಫಿಕೇಟ್ ಇಲ್ಲವೇ ಇಲ್ಲ. ಅದೇ ಕೀಲಿ ಕಾಪಿ ಮಾಡಬಹುದಿತ್ತು, ಮಾಡಲಿಲ್ಲ. ಏಜೆಂಟ್‌ಗೆ ಬೇರೆಯದೇ ಸರ್ಟಿಫಿಕೇಟ್ ಕೇಳಿದೆ, ನಾಳೆ ಒಂದು ಮಷೀನು ಕೈಬಿಟ್ಟರೆ ಅದರದ್ದು ಮಾತ್ರ ರದ್ದು ಮಾಡಿಸಿದರೆ ಸಾಕು. ಅದು ಬಂದದ್ದು ಮಾರನೇ ದಿನ ಹನ್ನೊಂದಕ್ಕೆ. ಅಲ್ಲಿಯವರೆಗೆ ಕಾದೆವು.

ಈಗ ಎರಡೂ ಮಷೀನಿನಲ್ಲಿ ದಿನಾ ಒಂದು ಸಣ್ಣ ಜಾಬ್ ಓಡುತ್ತದೆ. ಸರ್ಟಿಫಿಕೇಟ್ ಅವಧಿ ನೋಡುವ ಓಪನ್‌ಎಸ್‌ಎಸ್‌ಎಲ್‌ನ ಚೆಕ್‌ಎಂಡ್ ಆಪ್ಷನ್‌ಗೆ 2592000 ಸೆಕೆಂಡು, ಅಂದರೆ 30 ದಿನ ಕೊಟ್ಟಿದ್ದೇನೆ. ಅಷ್ಟರೊಳಗೆ ಅವಧಿ ಮುಗಿಯುವುದಿದ್ದರೆ ಜಾಬ್ ಕೆಂಪಗಾಗುತ್ತದೆ. ಅದನ್ನು ಓಡಿಸುವುದು ನನ್ನ ಯೂಸರ್ ಅಲ್ಲ, ಬಿಲ್ಡ್ ಮಾಡುವ ಯೂಸರೇ.