ಅತಿಸಂವೇದನೆ ಕಾಯಿಲೆಯಾಗುವುದು ಹೇಗೆ?

ಹಿಂದೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ಯಾವ ತೊಂದರೆಯೂ ಇಲ್ಲದೆ ತೆಗೆದುಕೊಂಡಿದ್ದವರು ಮುಂದಿನ ಸಲ ಅದೇ ಔಷಧದಿಂದ ಕೆಲವೇ ನಿಮಿಷಗಳಲ್ಲಿ ಕುಸಿದು ಬೀಳಬಹುದು. ಔಷಧವೂ ಪ್ರಮಾಣವೂ ಮೊದಲಿನಂತೆಯೇ ಇದ್ದರೂ ಈ ನಡುವೆ ದೇಹದ ರೋಗನಿರೋಧಕ ವ್ಯವಸ್ಥೆ ಅದರ ವಿರುದ್ಧ ಸಜ್ಜಾಗಿರುತ್ತದೆ. ಹೀಗೆ ಈ ವ್ಯವಸ್ಥೆ ಅತಿಯಾಗಿ ಪ್ರತಿಕ್ರಿಯಿಸಿ ದೇಹಕ್ಕೇ ಹಾನಿ ಮಾಡುವುದೇ ಅತಿಸಂವೇದನೆ. ಆದ್ದರಿಂದ ಈ ಸಿದ್ಧತೆಯನ್ನೂ ಅದರ ನಂತರದ ದಾಳಿಯನ್ನೂ ಬೇರೆ ಬೇರೆಯಾಗಿ ನೋಡಬೇಕು.

ಮೊದಲ ಹಂತದಲ್ಲಿ, ಹೊರಗಿನಿಂದ ಬಂದ ವಸ್ತುವನ್ನು ಗುರುತಿಸಿದ ಬಿ ಕೋಶಗಳೆಂಬ ಬಿಳಿ ರಕ್ತಕಣಗಳು, ಟಿ ಕೋಶಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳ ನೆರವಿನಿಂದ, ಐಜಿಇ ಎಂಬ ಪ್ರತಿಕಾಯವನ್ನು (ಆ ವಸ್ತುವನ್ನು ಹಿಡಿಯುವ ಪ್ರೋಟೀನನ್ನು) ತಯಾರಿಸುತ್ತವೆ. ಈ ಪ್ರತಿಕಾಯಗಳು ಚರ್ಮ, ಶ್ವಾಸನಾಳ ಮತ್ತು ಕರುಳಿನಲ್ಲಿರುವ ಮಾಸ್ಟ್ ಕೋಶಗಳೆಂಬ ರೋಗನಿರೋಧಕ ಕೋಶಗಳ ಮೇಲೆ ಅಂಟಿಕೊಳ್ಳುತ್ತವೆ. ಆಗ ಯಾವ ಲಕ್ಷಣವೂ ಕಾಣುವುದಿಲ್ಲ. ಮೊದಲ ಸಲ ಏನೂ ಆಗಲಿಲ್ಲವೆಂಬ ನಂಬಿಕೆ ಅಪಾಯಕಾರಿಯಾಗುವುದು ಇದರಿಂದಲೇ.

ಎರಡನೆಯ ಹಂತದಲ್ಲಿ ಅದೇ ವಸ್ತು ಮರಳಿ ಬಂದು ಅಕ್ಕಪಕ್ಕದ ಐಜಿಇಗಳನ್ನು ಬೆಸೆದ ಕೂಡಲೇ ಮಾಸ್ಟ್ ಕೋಶಗಳು ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಹೊರಚೆಲ್ಲುತ್ತವೆ. ರಕ್ತನಾಳಗಳು ಹಿಗ್ಗಿ ದ್ರವ ಹೊರಗೆ ಸೋರುವುದರಿಂದ ಬಾವು ಬರುತ್ತದೆ, ರಕ್ತದೊತ್ತಡ ಇಳಿಯುತ್ತದೆ, ಶ್ವಾಸನಾಳ ಬಿಗಿದು ಉಸಿರು ಕಟ್ಟುತ್ತದೆ. ಇದರ ತೀವ್ರ ರೂಪವೇ ಅನಾಫಿಲಾಕ್ಸಿಸ್. 1902ರಲ್ಲಿ ಅದನ್ನು ವಿವರಿಸಿದವರು ಫ್ರೆಂಚ್ ವಿಜ್ಞಾನಿಗಳಾದ ಪೋರ್ಟಿಯೆ ಮತ್ತು ರಿಷೆ. ಈ ಕೆಲಸಕ್ಕೆ ರಿಷೆಯವರಿಗೆ 1913ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಎಲ್ಲ ಅತಿಸಂವೇದನೆಯೂ ಇಷ್ಟು ವೇಗವಾಗಿ ನಡೆಯುವುದಿಲ್ಲ. ಗೆಲ್ ಮತ್ತು ಕೂಂಬ್ಸ್ ಎಂಬ ವಿಜ್ಞಾನಿಗಳು 1963ರಲ್ಲಿ ರೂಪಿಸಿದ ವರ್ಗೀಕರಣದಲ್ಲಿ ಮೇಲಿನದು ಮೊದಲ ಬಗೆ. ಎರಡನೆಯದರಲ್ಲಿ ಪ್ರತಿಕಾಯಗಳು ನೇರವಾಗಿ ಜೀವಕೋಶಕ್ಕೇ ಅಂಟಿ ಅದನ್ನು ನಾಶಮಾಡುತ್ತವೆ. ಹೊಂದಿಕೆಯಾಗದ ಗುಂಪಿನ ರಕ್ತ ಕೊಟ್ಟಾಗ ಕೆಂಪು ರಕ್ತಕಣಗಳು ಒಡೆಯುವುದು ಹೀಗೆ. ಮೂರನೆಯದರಲ್ಲಿ ಪ್ರತಿಜನಕ (ಪ್ರತಿಕಾಯ ಗುರುತಿಸುವ ವಸ್ತು) ಮತ್ತು ಪ್ರತಿಕಾಯ ಸೇರಿದ ಗಂಟುಗಳು ಮೂತ್ರಪಿಂಡ, ಕೀಲು, ರಕ್ತನಾಳಗಳಲ್ಲಿ ತಂಗಿ ಉರಿಯೂತ ಉಂಟುಮಾಡುತ್ತವೆ; ರೋಗನಿರೋಧಕ ವ್ಯವಸ್ಥೆ ತನ್ನ ದೇಹದ ಮೇಲೆಯೇ ದಾಳಿಮಾಡುವ ಲೂಪಸ್ ಎಂಬ ಕಾಯಿಲೆಯಲ್ಲಿ ರೋಗಿಗಳ ಮೂತ್ರಪಿಂಡ ಹಾಳಾಗಲು ಇದೇ ಮುಖ್ಯ ಕಾರಣ. ನಾಲ್ಕನೆಯದನ್ನು ನಡೆಸುವುದು ಪ್ರತಿಕಾಯಗಳಲ್ಲ, ಟಿ ಕೋಶಗಳು. ಅವು ಒಟ್ಟುಗೂಡಲು ಸಮಯ ಬೇಕಾಗುವುದರಿಂದ ಕ್ಷಯರೋಗದ ಚರ್ಮಪರೀಕ್ಷೆಯ ಫಲಿತಾಂಶವನ್ನು 48ರಿಂದ 72 ಗಂಟೆಗಳ ನಂತರ ನೋಡುತ್ತಾರೆ. ನಿಕ್ಕಲ್ ಆಭರಣ ತಾಗಿದಲ್ಲಿ ಏಳುವ ತುರಿಕೆಯ ದದ್ದೂ ಇದೇ ಬಗೆಯದು. ಹಾಗಾಗಿ ವೈದ್ಯರ ಬಳಿ ಹೋದಾಗ ಏನು ತಾಗಿತೆಂಬುದರ ಜೊತೆಗೆ ಎಷ್ಟು ಹೊತ್ತಿಗೆ ಲಕ್ಷಣ ಕಂಡಿತೆಂಬುದನ್ನೂ ತಪ್ಪದೆ ಹೇಳಬೇಕು.

ಅನಾಫಿಲಾಕ್ಸಿಸ್‌ನಲ್ಲಿ ಮಾತ್ರ ಕಾಯುವಂತಿಲ್ಲ. ತೊಡೆಯ ಹೊರಭಾಗದ ಸ್ನಾಯುವಿಗೆ ಕೂಡಲೇ ಕೊಡುವ ಅಡ್ರಿನಲಿನ್ ಚುಚ್ಚುಮದ್ದೇ ಅದರ ಮೊದಲ ಚಿಕಿತ್ಸೆ. ಅಲರ್ಜಿ ಮಾತ್ರೆಗಳು ತುರಿಕೆಯನ್ನು ತಗ್ಗಿಸುತ್ತವೆಯೇ ಹೊರತು ಕಟ್ಟಿದ ಉಸಿರನ್ನು ಬಿಡಿಸಲಾರವು. ಲಕ್ಷಣಗಳು ಇಳಿದ ಕೆಲವು ಗಂಟೆಗಳ ನಂತರ ಮತ್ತೆ ಮರುಕಳಿಸಬಹುದಾದ್ದರಿಂದ, ಚೇತರಿಸಿಕೊಂಡಂತೆ ಕಂಡರೂ ರೋಗಿಯನ್ನು ಆಸ್ಪತ್ರೆಯಲ್ಲಿ ನಿಗಾದಲ್ಲಿಡಬೇಕು.