‘ಮಾತು ಕಡಿಮೆ’ ಅಂತ ಬರೆಯುತ್ತಿದ್ದೆ

ನಾನು ದಾವಣಗೆರೆಯಲ್ಲಿ ಓದಿ ಇಂಗ್ಲೆಂಡಿಗೆ ಬಂದವನು. ಈಗ ಮಿಡ್‌ಲ್ಯಾಂಡ್ಸ್ ಕಡೆಯ ಒಂದು ಊರಿನಲ್ಲಿ ಜಿಪಿ. ನಮ್ಮ ಕಡೆ ಫ್ಯಾಮಿಲಿ ಡಾಕ್ಟರ್ ಅಂತಾರಲ್ಲ, ಹೆಚ್ಚುಕಡಿಮೆ ಅದೇ. ವಾರಕ್ಕೊಂದು ದಿನ ಇಬ್ಬರು ಮೆಡಿಕಲ್ ವಿದ್ಯಾರ್ಥಿಗಳು ಕಲಿಯಲು ನನ್ನ ಹತ್ತಿರ ಬರುತ್ತಾರೆ. ಬಿಳಿಯರು ಇರುತ್ತಾರೆ, ಬಾಂಗ್ಲಾ, ಸೊಮಾಲಿಯಾ, ನೈಜೀರಿಯಾ ಮೂಲದವರೂ ಇರುತ್ತಾರೆ. ನಾನೂ ಕಂದು ಬಣ್ಣದವನೇ ಅಲ್ವಾ, ಈ ಮಕ್ಕಳ ಕಷ್ಟ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಅಂದುಕೊಂಡಿದ್ದೆ.

ಇಲ್ಲಿಯೇ ಹುಟ್ಟಿ ಇಲ್ಲಿಯೇ ಓದಿದರೂ ಬಿಳಿಯರಲ್ಲದ ವಿದ್ಯಾರ್ಥಿಗಳಿಗೆ ಸರಾಸರಿ ಅಂಕ ಕಡಿಮೆ ಬರುತ್ತದೆ. 2011ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೇಖನವೊಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಇದನ್ನು ತೋರಿಸಿತ್ತು. ಪರೀಕ್ಷಕರ ಮುಂದೆ ನಡೆಯುವ ಪರೀಕ್ಷೆಯಲ್ಲಿ ಮಾತ್ರ ಅಲ್ಲ, ಯಂತ್ರ ತಿದ್ದುವ ಲಿಖಿತ ಪರೀಕ್ಷೆಯಲ್ಲೂ ಅಂತರ ಇತ್ತು. ಹಾಗಾಗಿ ತಪ್ಪೆಲ್ಲ ಪರೀಕ್ಷಕರದೇ ಅಂತ ಹೇಳಿ ಕೈ ತೊಳೆದುಕೊಳ್ಳಲು ಆಗುವುದಿಲ್ಲ. ವರ್ಷಪೂರ್ತಿ ಪಾಠ ಹೇಳುವವರ ಪಾಲೂ ಇದೆ. ಅಂದರೆ ನನ್ನದೂ.

ಒಂದು ಭಾನುವಾರ, ವಿದ್ಯಾರ್ಥಿಗಳ ಕೆಲಸದ ಬಗ್ಗೆ ನಾನೇ ಅಭಿಪ್ರಾಯ ಬರೆದು ತುಂಬಿದ ಹಳೇ ಫಾರಂಗಳನ್ನೆಲ್ಲ ತೆಗೆದು ಓದಿದೆ. ಬಿಳಿ ಹುಡುಗರಿಗೆ ‘ರೋಗಿಯ ಹೊಟ್ಟೆ ಮುಟ್ಟುವಾಗ ಮುಖ ನೋಡುವುದಿಲ್ಲ’ ಎಂಬಂಥ ಮಾತು. ಅದನ್ನು ನಾಳೆಯೇ ತಿದ್ದಿಕೊಳ್ಳಬಹುದು. ಏಷ್ಯಾ ಮೂಲದ ಹುಡುಗಿಯರಿಗೆ ಮಾತ್ರ ಒಬ್ಬರಾದ ಮೇಲೆ ಒಬ್ಬರಿಗೆ ‘ಮಾತು ಕಡಿಮೆ, ಇನ್ನೂ ಧೈರ್ಯ ಬೇಕು’. ಇದನ್ನು ಓದಿ ಅವರು ಏನು ತಿದ್ದಿಕೊಳ್ಳಬೇಕು? ದೊಡ್ಡವರ ಮುಂದೆ ತಗ್ಗಿ ಬೆಳೆದ ನನ್ನ ನೆನಪನ್ನೇ ಬರ್ಮಿಂಗ್‌ಹ್ಯಾಮಿನಲ್ಲಿ ಬೆಳೆದ ಹುಡುಗಿಯ ತಲೆಗೆ ಕಟ್ಟಿದ್ದೆ.

ಈಗ ಸ್ವಭಾವದ ಬಗ್ಗೆ ಒಂದಕ್ಷರ ಬರೆಯುವುದಿಲ್ಲ. ಕಣ್ಣಿಗೆ ಕಂಡದ್ದಷ್ಟೇ. ‘ಕೆಲಸ ಹೋಯಿತು ಅಂತ ರೋಗಿ ಹೇಳಿದ. ನೀವು ಅಲ್ಲಿ ನಿಲ್ಲದೆ ನೇರ ಎದೆನೋವಿನ ಪ್ರಶ್ನೆಗೆ ಹೋದಿರಿ.’ ಇಷ್ಟು ಬರೆಯಲು ಜಾಸ್ತಿ ಹೊತ್ತು ಬೇಕು, ಏಕೆಂದರೆ ನಾನು ಮೊಬೈಲ್ ಕೆಳಗಿಟ್ಟು ನೋಡಿರಬೇಕಲ್ಲ.

ಇನ್ನೊಂದು ಪಾಠ ಕಲಿಸಿದ್ದು ಒಬ್ಬ ವಯಸ್ಸಾದ ರೋಗಿ. ಹಿಜಾಬ್ ಹಾಕಿದ್ದ ನನ್ನ ವಿದ್ಯಾರ್ಥಿನಿಯನ್ನು ನೋಡಿ ‘ಇವಳು ಬೇಡ, ಇಂಗ್ಲಿಷ್ ಬರೋರು ಇಲ್ಲವಾ?’ ಅಂದರು. ಅವಳ ಇಂಗ್ಲಿಷ್ ನನ್ನದಕ್ಕಿಂತ ಎಷ್ಟೋ ಚೆನ್ನಾಗಿತ್ತು. ನಾನು ಸುಮ್ನೆ ನಕ್ಕು, ಮಾತು ಮರೆಸಿ, ಬಿಪಿ ನೋಡಿ ಕಳಿಸಿದೆ. ಸಂಜೆ ಅವಳು ಹೇಳಿದಳು: ‘ಅವರ ಮಾತು ನನಗೆ ಹೊಸದಲ್ಲ ಡಾಕ್ಟರ್. ನೀವು ನಕ್ಕಿದ್ದು ಹೊಸದು.’

ಅಂದಿನಿಂದ ಹೊಸ ವಿದ್ಯಾರ್ಥಿಗಳು ಬಂದ ಮೊದಲ ದಿನವೇ, ಟೀ ಕುಡಿಯುವಾಗ, ಅವರನ್ನು ಇದನ್ನು ಕೇಳಿಬಿಡುತ್ತೇನೆ. ಇಂಥ ರೋಗಿ ಬಂದರೆ ನಾನು ಏನು ಮಾಡಬೇಕು? ಒಬ್ಬರು ‘ನೀವೇ ಉತ್ತರ ಕೊಡಿ’ ಅನ್ನುತ್ತಾರೆ. ಇನ್ನೊಬ್ಬರಿಗೆ ಆ ಕ್ಷಣಕ್ಕೆ ಹೊರಗೆ ಹೋದರೆ ಸಾಕು. ಹೆಸರನ್ನು ಹೇಗೆ ಕರೆಯಬೇಕು ಅಂತಲೂ ಆಗಲೇ ಕೇಳಿ, ನನ್ನ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ದೀರ್ಘ, ಒತ್ತು ಎಲ್ಲ ಸರಿಯಾಗಿ ಕೂರುತ್ತದೆ. ನಮ್ಮ ಲಿಪಿ ಇಲ್ಲಿ ಹೀಗೆ ಉಪಯೋಗಕ್ಕೆ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು!

ಪಾಠವನ್ನೂ ಬದಲಿಸಿದೆ. ಚರ್ಮದ ಕಾಯಿಲೆಗೆ ನಾನು ತೋರಿಸುತ್ತಿದ್ದ ಚಿತ್ರಗಳೆಲ್ಲ ಬಿಳಿ ಚರ್ಮದವೇ. 2020ರಲ್ಲಿ ಲಂಡನ್ನಿನ ವೈದ್ಯಕೀಯ ಕಾಲೇಜು ಸೇಂಟ್ ಜಾರ್ಜಸ್‌ನ ವಿದ್ಯಾರ್ಥಿ ಮಲೋನ್ ಮುಕ್ವೆಂಡೆ ಇಬ್ಬರು ಮೇಷ್ಟ್ರ ಜೊತೆ ಸೇರಿ ‘ಮೈಂಡ್ ದ ಗ್ಯಾಪ್’ ಎಂಬ ಕೈಪಿಡಿ ತಂದರು. ಕಪ್ಪು, ಕಂದು ಚರ್ಮದಲ್ಲಿ ರೋಗದ ಗುರುತು ಹೇಗೆ ಕಾಣುತ್ತದೆ ಅನ್ನುವುದೇ ಅದರ ವಿಷಯ. ‘ತುಟಿ ನೀಲಿ’ ಅಂತ ಬಾಯಿಪಾಠ ಮಾಡಿದವರಿಗೆ ಕಪ್ಪು ಚರ್ಮದವರಲ್ಲಿ ಆಮ್ಲಜನಕ ಕಡಿಮೆಯಾದದ್ದು ಕಾಣದೇ ಹೋಗಬಹುದು. ಬಾಯಿಯ ಒಳಗೆ ನೋಡಬೇಕು, ಕಣ್ಣಿನ ರೆಪ್ಪೆ ಎಳೆದು ನೋಡಬೇಕು. ಮೊದಲ ಸಲ ಇದನ್ನು ಹೇಳಿಕೊಟ್ಟಾಗ ನೈಜೀರಿಯಾ ಮೂಲದ ಹುಡುಗ ತನ್ನ ರೆಪ್ಪೆಯನ್ನೇ ಎಳೆದು, ಮೊಬೈಲ್ ಕ್ಯಾಮೆರಾದಲ್ಲಿ ನೋಡಿಕೊಂಡು ಕೂತ. ಜೊತೆಗಿದ್ದ ಬಿಳಿ ಹುಡುಗಿಯೂ ಬಗ್ಗಿ ನೋಡಿದಳು.

ಕಳೆದ ಚಳಿಗಾಲದಲ್ಲಿ ಮತ್ತೆ ಅಂಥದ್ದೇ ಒಬ್ಬ ರೋಗಿ. ಈ ಸಲ ನಗಲಿಲ್ಲ. ‘ಇವರು ನಮ್ಮ ತಂಡದವರು. ಇಲ್ಲೇ ಇರುತ್ತಾರೆ. ನಿಮಗೆ ಬೇರೆ ದಿನ ಬರಬೇಕು ಅಂದರೆ ಬರಬಹುದು’ ಅಂದೆ. ಆತ ಎದ್ದು ಹೋದರು, ಬಾಗಿಲು ಧಡ್ ಅಂತ ಹಾಕಿಕೊಂಡು. ಐದೇ ನಿಮಿಷಕ್ಕೆ ರಿಸೆಪ್ಷನ್ನಿನಾಕೆ ಬಂದು, ಆತ ಹೇಳಿದ ದೂರನ್ನು ಯಾರು ಬರೆದುಕೊಳ್ಳಬೇಕು ಅಂತ ನನ್ನ ಮೇಲೆ ರೇಗಿದರು. ವಿದ್ಯಾರ್ಥಿನಿ ಅಷ್ಟರಲ್ಲಿ ಮುಂದಿನ ರೋಗಿಯ ಹೆಸರು ಕರೆಯಲು ಹೊರಗೆ ಹೋಗಿದ್ದಳು.