ಫ್ಲೋ ಕಂಟ್ರಿಯಲ್ಲಿ ನಾನು ಕಟ್ಟಿದ ಒಡ್ಡುಗಳು

ಸ್ಕಾಟ್ಲೆಂಡಿನ ಉತ್ತರ ತುದಿಯಲ್ಲಿ, ಕೇತ್‌ನೆಸ್ ಮತ್ತು ಸದರ್ಲ್ಯಾಂಡ್ ಪ್ರಾಂತ್ಯಗಳಲ್ಲಿ ಸುಮಾರು 4,000 ಚದರ ಕಿಲೋಮೀಟರ್ ಹಾಸಿಕೊಂಡಿರುವ ಪೀಟ್ (ಅರೆಕೊಳೆತ ಪಾಚಿ ಪದರಗಟ್ಟಿ ಆದ ಮಣ್ಣು) ಜೌಗಿಗೆ ಫ್ಲೋ ಕಂಟ್ರಿ ಎಂದು ಹೆಸರು. ಅಲ್ಲಿ ಸ್ವಯಂಸೇವಕನಾಗಿ ನಾನು ಮಾಡಿದ್ದು ಮುಖ್ಯವಾಗಿ ಒಂದೇ ಕೆಲಸ, ಹಳೆಯ ನೇಗಿಲಸಾಲುಗಳಿಗೆ ಒಡ್ಡು ಕಟ್ಟುವುದು. ಅಡಿಕೆ ತೋಟದಲ್ಲಿ ನೀರು ನಿಲ್ಲದಂತೆ ಬಸಿಗಾಲುವೆ ತೋಡುವುದನ್ನು ನೋಡುತ್ತ ಬೆಳೆದವನಿಗೆ, ನೀರು ಬಸಿದುಹೋಗದಂತೆ ತಡೆಯುವ ಈ ಕೆಲಸ ಮನಸ್ಸಿಗಿಳಿಯಲು ಕೆಲವು ದಿನಗಳೇ ಬೇಕಾದವು.

ಸ್ಫ್ಯಾಗ್ನಮ್ ಪಾಚಿ ಸತ್ತ ಮೇಲೆ, ನೀರಿನಡಿ ಗಾಳಿ ಸಿಗದೆ, ಪೂರ್ತಿ ಕೊಳೆಯುವುದಿಲ್ಲ. ವರ್ಷಕ್ಕೆ ಸುಮಾರು 1 ಮಿಲಿಮೀಟರಿನಂತೆ ಪದರಗಟ್ಟುತ್ತ ಹೋಗುತ್ತದೆ. ಪೀಟಿನ ಆಳ ನೋಡಲು ಮೀಟರುದ್ದದ ಸರಳುಗಳನ್ನು ಒಂದಕ್ಕೊಂದು ತಿರುಗಿಸಿ ಜೋಡಿಸಿ ಒತ್ತಿದಾಗ ಅವು ಬೆಣ್ಣೆಯಲ್ಲಿ ಇಳಿದಂತೆ ಇಳಿದವು. ಐದನೆಯ ಸರಳಿಗೆ ಬಂದಾಗಲಷ್ಟೇ ತಳದ ಮರಳಿನ ಕರಕರ ಕೈಗೆ ತಿಳಿಯಿತು. ಸಾವಿರಾರು ವರ್ಷಗಳ ಪಾಚಿಯ ಮೇಲೆ ನಿಂತಿದ್ದೇನೆಂಬುದು ನನಗೆ ಅರಿವಾದದ್ದು ಆಗಲೇ.

ಈ ನಾಡು ಲಾಭದ ಲೆಕ್ಕಕ್ಕೆ ಸಿಕ್ಕಿ ನಲುಗಿದ್ದು ಒಂದೇ ಸಲವಲ್ಲ. ಕುರಿ ಸಾಕಣೆಗೆಂದು ಸ್ಟ್ರಾತ್‌ನೇವರ್ ಕಣಿವೆಯ ರೈತರನ್ನು 1814 ಮತ್ತು 1819ರಲ್ಲಿ ಒಕ್ಕಲೆಬ್ಬಿಸಲಾಯಿತು. 1970 ಮತ್ತು 80ರ ದಶಕಗಳಲ್ಲಿ ತೆರಿಗೆ ರಿಯಾಯಿತಿಯ ಆಸೆಯಿಂದ ಹಣ ಹೂಡಿದವರು ಜೌಗನ್ನೇ ಉತ್ತು ಸಿಟ್ಕಾ ಸ್ಪ್ರೂಸ್, ಲಾಡ್ಜ್‌ಪೋಲ್ ಪೈನ್ ಮರಗಳನ್ನು ನೆಡಿಸಿದರು. 1988ರ ಬಜೆಟ್ಟಿನಲ್ಲಿ ಆ ರಿಯಾಯಿತಿ ನಿಂತಿತು. ಸಾಲುಗಳು ಮಾತ್ರ ನೀರನ್ನು ಬಸಿಯುತ್ತಲೇ ಉಳಿದವು. ಆದ್ದರಿಂದ ಇಲ್ಲಿ ಮರ ಕಡಿಯುವುದೂ ಜೌಗಿನ ಪುನಶ್ಚೇತನದ ಭಾಗವೇ.

ನನ್ನ ಮೊದಲ ಒಡ್ಡು ವಾರದೊಳಗೆ ಸೋರಿತು. ಮೇಲ್ಪದರದ ಒಣ, ನಾರುನಾರಾದ ಪೀಟನ್ನು ತುಂಬಿದ್ದೇ ತಪ್ಪಾಗಿತ್ತು. ಒಮ್ಮೆ ಒಣಗಿ ಬಿರಿದ ಪೀಟ್ ಸುಲಭವಾಗಿ ನೀರು ಹೀರದು. ಜೊತೆಗಿದ್ದ ಹಿರಿಯ ಕೆಲಸಗಾರರೊಬ್ಬರು ಸ್ವೀಡನ್ನಿನ ವಿಜ್ಞಾನಿ ವಾನ್ ಪೋಸ್ಟ್ ರೂಪಿಸಿದ ಮುಷ್ಟಿ ಪರೀಕ್ಷೆಯನ್ನು ಕಲಿಸಿದರು. ಹಿಡಿ ಪೀಟನ್ನು ಹಿಂಡಿದಾಗ ತಿಳಿನೀರಷ್ಟೇ ಬಂದರೆ ಅದು ಹತ್ತು ದರ್ಜೆಗಳಲ್ಲಿ ಮೊದಲನೆಯದು. ಎಲ್ಲವೂ ಬೆರಳಸಂದಿಯಿಂದ ಕಪ್ಪು ಹಿಟ್ಟಿನಂತೆ ಜಾರಿಹೋದರೆ ಹತ್ತನೆಯದು. ಒಡ್ಡಿಗೆ ಬೇಕಾದದ್ದು ಚೆನ್ನಾಗಿ ಕಳಿತ, ತೇವವಿರುವ ಕರಿಪೀಟ್. ಅದನ್ನು ಆಳದಿಂದ ತೆಗೆದು, ಸಾಲಿನ ಎರಡೂ ದಡಗಳೊಳಕ್ಕೆ ಚಾಚುವಂತೆ ತುಳಿದು ಗಟ್ಟಿಮಾಡಿ, ಮುಂದೆ ಕುಸಿಯುವುದನ್ನು ಲೆಕ್ಕಕ್ಕೆ ಹಿಡಿದು ನೆಲಮಟ್ಟಕ್ಕಿಂತ ಎತ್ತರಿಸಿ, ಒಣಗದಂತೆ ಹಸಿ ಹೆಂಟೆ ಮುಚ್ಚಬೇಕು.

2024ರ ಜುಲೈನಲ್ಲಿ ನವದೆಹಲಿಯಲ್ಲಿ ಸೇರಿದ್ದ ಯುನೆಸ್ಕೋ ಸಮಿತಿ ಫ್ಲೋ ಕಂಟ್ರಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತೆಂದು ಓದಿದಾಗ ನನಗೆ ನೆನಪಾದದ್ದು ಎರಡನೆಯ ಒಡ್ಡು. ಅದರ ಪಕ್ಕದಲ್ಲಿ ನೀರಿನ ಮಟ್ಟ ನೋಡಲು ಇಳಿಸಿದ್ದ ತೂತುಕೊಳವೆಯಲ್ಲಿ ಮೊದಲು ಮೊಳದಾಳದಲ್ಲಿದ್ದ ನೀರು ನಾನು ಹೊರಡುವ ಹೊತ್ತಿಗೆ ಗೇಣಿನೊಳಗೆ ಬಂದಿತ್ತು, ಒಡ್ಡಿನ ಹಿಂದೆ ಹಸಿರು ಪಾಚಿಯ ಎಳೆಗಳು ತೇಲುತ್ತಿದ್ದವು.